ಮೊಬೈಲ್ ಜಾಲಗಳ ಸೇವಾ ವೇದಿಕೆಗಳು ಮತ್ತು ಮಿಡಲ್‌ವೇರ್

ಮೊಬೈಲ್ ಜಾಲದ ಮೇಲೆ ಕರೆ, ಸಂದೇಶ, ಹಣ ಪಾವತಿ, ಸ್ಥಳ ಮಾಹಿತಿ, ತುರ್ತು ಎಚ್ಚರಿಕೆ ಮುಂತಾದ ಸೇವೆಗಳನ್ನು ಕಟ್ಟಲು, ನಡೆಸಲು ಮತ್ತು ಅವುಗಳ ಲೆಕ್ಕವಿಡಲು ನೆರವಾಗುವ ತಂತ್ರಾಂಶ ವ್ಯವಸ್ಥೆಗಳಿಗೆ ಸೇವಾ ವೇದಿಕೆಗಳೆಂದು ಹೆಸರು. ಬೇರೆ ಬೇರೆ ಕಂಪನಿಗಳು ತಯಾರಿಸಿದ, ಬೇರೆ ಬೇರೆ ಯಂತ್ರಗಳಲ್ಲಿ ನಡೆಯುವ ತಂತ್ರಾಂಶಗಳು ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡುವಂತೆ ನಡುವೆ ನಿಲ್ಲುವ ಪದರವೇ ಮಿಡಲ್‌ವೇರ್. ಟವರು, ಫೈಬರ್ ಕೇಬಲ್ಲು, ಸ್ವಿಚ್ಚುಗಳು ಜನರ ಕಣ್ಣಿಗೆ ಬೀಳುತ್ತವೆ. ಈ ಪದರ ಕಾಣುವುದಿಲ್ಲ. ಆದರೂ ಒಂದು ಜಾಲದಿಂದ ಜನರಿಗೆ ಏನೇನು ಸಿಗಬಹುದು, ಹೊಸ ಸೇವೆಯೊಂದು ತಿಂಗಳಲ್ಲಿ ಬರುತ್ತದೋ ವರ್ಷಗಟ್ಟಲೆ ಕಾಯಬೇಕೋ ಎಂಬುದು ಬಹುಮಟ್ಟಿಗೆ ಇಲ್ಲೇ ತೀರ್ಮಾನವಾಗುತ್ತದೆ.

ಈ ಕ್ಷೇತ್ರದ ನಾಲ್ಕು ದಶಕಗಳ ಇತಿಹಾಸದಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗಿದೆ: ಜಾಲದೊಳಗಿನ ಸಾಮರ್ಥ್ಯವನ್ನು ಹೊರಗಿನವರಿಗೆ ಎಷ್ಟು ತೆರೆಯಬೇಕು, ಹೇಗೆ ತೆರೆಯಬೇಕು? ಹೊರಗಿನ ತಂತ್ರಜ್ಞರು ಸುಲಭವಾಗಿ ಬಳಸುವಂತಿದ್ದ ವೇದಿಕೆಗಳು ಬಾಳಿದವು. ವಿನ್ಯಾಸದಲ್ಲಿ ಎಷ್ಟೇ ಪರಿಪೂರ್ಣವಾಗಿದ್ದರೂ ಬಳಸಲು ಕಠಿಣವಾಗಿದ್ದವು ಮೂಲೆಗೆ ಸರಿದವು. ಕಾವಲಿಲ್ಲದೆ ತೆರೆದ ಕಡೆ ಜನರಿಗೇ ನಷ್ಟವಾಯಿತು.

ಸ್ವರೂಪ ಮತ್ತು ಕೆಲಸ

ಮಿಡಲ್‌ವೇರ್‌ನ ಕೆಲಸವನ್ನು ತಾಲೂಕು ಕಚೇರಿಯ ಟಪಾಲು ವಿಭಾಗಕ್ಕೆ ಹೋಲಿಸಬಹುದು. ಅರ್ಜಿ ಯಾರಿಂದ ಬಂತು, ಯಾವ ಮೇಜಿಗೆ ಹೋಗಬೇಕು, ಉತ್ತರ ಯಾರಿಗೆ ತಲುಪಬೇಕು ಎಂಬುದು ಅಲ್ಲಿಗೆ ಗೊತ್ತು; ಅರ್ಜಿದಾರ ಒಳಗಿನ ಮೇಜುಗಳ ಜೋಡಣೆಯನ್ನು ತಿಳಿದಿರಬೇಕಾಗಿಲ್ಲ. ಹಾಗೆಯೇ ಟ್ಯಾಕ್ಸಿ ಆ್ಯಪ್ ಬರೆಯುವವರಿಗೆ ಫೋನು ಯಾವ ಟವರಿನ ಕೆಳಗಿದೆ, ಆ ಟವರನ್ನು ಯಾವ ಕಂಪನಿ ತಯಾರಿಸಿತು ಎಂಬುದರ ಹಂಗಿರಬಾರದು.

ಈ ಪದರದ ಮುಖ್ಯ ಕೆಲಸಗಳು ಐದು. ಬಳಕೆದಾರ ಯಾರೆಂದು ಖಾತ್ರಿಪಡಿಸಿಕೊಳ್ಳುವುದು. ಬೇಕಾದ ಸೇವೆ ಜಾಲದಲ್ಲಿ ಎಲ್ಲಿದೆ ಎಂದು ಹುಡುಕಿಕೊಡುವುದು. ಕರೆ ಅಥವಾ ಡೇಟಾ ಸಂಪರ್ಕವನ್ನು ಆರಂಭದಿಂದ ಕೊನೆಯವರೆಗೆ ನಿಭಾಯಿಸುವುದು. ಬಳಕೆಗೆ ತಕ್ಕ ಹಣದ ಲೆಕ್ಕ ಇಡುವುದು. ಹೊರಗಿನ ತಂತ್ರಾಂಶಗಳಿಗೆ ನಿಯಮಬದ್ಧ ಪ್ರವೇಶ ಕೊಡುವುದು. ಇಂಥ ಪ್ರವೇಶದ ಕರಾರಿಗೆ ಎಪಿಐ ಎನ್ನುತ್ತಾರೆ. ಹೊರಗಿನ ತಂತ್ರಾಂಶ ಯಾವ ಪ್ರಶ್ನೆ ಕೇಳಬಹುದು, ಜಾಲ ಯಾವ ರೂಪದಲ್ಲಿ ಉತ್ತರಿಸಬೇಕು ಎಂಬುದನ್ನು ಅದು ನಿಗದಿಪಡಿಸುತ್ತದೆ.

ಇಂಟೆಲಿಜೆಂಟ್ ನೆಟ್‌ವರ್ಕ್

ಮೊದಮೊದಲು ಸೇವೆಯ ತರ್ಕವೆಲ್ಲ ಎಕ್ಸ್‌ಚೇಂಜಿನ ಸ್ವಿಚ್ಚಿನೊಳಗೇ ಇರುತ್ತಿತ್ತು. ಹೊಸ ಸೌಲಭ್ಯವೊಂದನ್ನು ತರಬೇಕಾದರೆ ದೇಶದ ಪ್ರತಿಯೊಂದು ಸ್ವಿಚ್ಚಿನ ತಂತ್ರಾಂಶವನ್ನೂ ಬದಲಿಸಬೇಕಿತ್ತು, ಅದನ್ನು ಮಾಡಬಲ್ಲವರು ಸ್ವಿಚ್ಚು ಮಾರಿದ ಕಂಪನಿಯವರು ಮಾತ್ರ. 1980ರ ದಶಕದ ಆರಂಭದಲ್ಲಿ ಅಮೆರಿಕದ ಎಟಿ ಆ್ಯಂಡ್ ಟಿ ಕಂಪನಿ ತನ್ನ ಉಚಿತ ಕರೆ ಸಂಖ್ಯೆಗಳ ಪಟ್ಟಿಯನ್ನು ಸ್ವಿಚ್ಚಿನಿಂದ ಹೊರಗೆ, ಕೇಂದ್ರೀಕೃತ ದತ್ತಾಂಶ ಸಂಗ್ರಹದಲ್ಲಿ ಇಟ್ಟಿತು. ಅದೇ ದಶಕದಲ್ಲಿ ಬೆಲ್‌ಕೋರ್ ಸಂಸ್ಥೆ ಈ ಆಲೋಚನೆಯನ್ನು ಇಂಟೆಲಿಜೆಂಟ್ ನೆಟ್‌ವರ್ಕ್ ಎಂಬ ಹೆಸರಿನಲ್ಲಿ ಬೆಳೆಸಿತು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1990ರ ದಶಕದಲ್ಲಿ ಅದನ್ನು ಮಾನಕವಾಗಿಸಿತು. ಕರೆ ಜೋಡಿಸುವುದು ಸ್ವಿಚ್ಚಿನ ಕೆಲಸ, ಏನು ಮಾಡಬೇಕೆಂದು ನಿರ್ಧರಿಸುವುದು ಸೇವಾ ನಿಯಂತ್ರಣ ಕೇಂದ್ರದ ಕೆಲಸ ಎಂಬ ವಿಭಜನೆ ಅದರ ತಿರುಳು. ಇವೆರಡರ ನಡುವಿನ ಮಾತುಕತೆಗೆ ಎಸ್‌ಎಸ್7 ಎಂಬ ಸಂಕೇತ ಪದ್ಧತಿ ಬಳಕೆಯಾಯಿತು.

ಜಿಎಸ್‌ಎಂ ಮೊಬೈಲ್ ಜಾಲಗಳಲ್ಲಿ ಇದೇ ತತ್ವ ಕ್ಯಾಮೆಲ್ ಎಂಬ ಮಾನಕವಾಗಿ ಬಂತು. ಪ್ರಿಪೇಯ್ಡ್ ಸಿಮ್ ಜನಪ್ರಿಯವಾದದ್ದು ಈ ಏರ್ಪಾಟಿನ ಬಲದಿಂದ. ಕರ್ನಾಟಕದಲ್ಲಿ ಜನ ಕರೆನ್ಸಿ ಎಂದು ಕರೆಯುವ ಬಾಕಿ ಹಣ ಸಿಮ್ ಕಾರ್ಡಿನಲ್ಲಿ ಇರುವುದಿಲ್ಲ, ನಿಯಂತ್ರಣ ಕೇಂದ್ರದ ದತ್ತಾಂಶದಲ್ಲಿರುತ್ತದೆ. ಪ್ರಿಪೇಯ್ಡ್ ಗ್ರಾಹಕ ನಂಬರ್ ಒತ್ತಿದೊಡನೆ ಸ್ವಿಚ್ಚು ಆ ಗ್ರಾಹಕರ ವಿವರದಲ್ಲಿ ಕ್ಯಾಮೆಲ್ ಗುರುತನ್ನು ಕಂಡು ಕರೆಯನ್ನು ಕ್ಷಣಕಾಲ ತಡೆಹಿಡಿಯುತ್ತದೆ. ನಿಯಂತ್ರಣ ಕೇಂದ್ರ ಬಾಕಿ ನೋಡಿ, ದರ ಲೆಕ್ಕ ಹಾಕಿ, ಇಷ್ಟು ಸೆಕೆಂಡು ಮಾತಾಡಲು ಬಿಡಬಹುದು ಎಂದು ಅನುಮತಿ ಕೊಡುತ್ತದೆ. ಆ ಅವಧಿ ಮುಗಿಯುತ್ತಿದ್ದಂತೆ ಸ್ವಿಚ್ಚು ಮತ್ತೆ ಕೇಳುತ್ತದೆ, ಕೇಂದ್ರ ಇನ್ನೊಂದು ತುಣುಕು ಸಮಯ ಕೊಡುತ್ತದೆ. ಹಣ ಮುಗಿದಾಗ ಕರೆ ಕಡಿಯುವಂತೆ ಆದೇಶ ಹೋಗುತ್ತದೆ. ಕ್ಯಾಮೆಲ್‌ನ ಎರಡನೇ ಹಂತದಿಂದ ಗ್ರಾಹಕರು ಬೇರೆ ಜಾಲದಲ್ಲಿ ಸುತ್ತಾಡುತ್ತಿದ್ದಾಗಲೂ ಇದು ಸಾಧ್ಯವಾಯಿತು. ಭಾರತದಲ್ಲಿ 2011ರ ಜನವರಿ 20ರಂದು ದೇಶಾದ್ಯಂತ ಜಾರಿಗೆ ಬಂದ ನಂಬರ್ ಪೋರ್ಟಬಿಲಿಟಿ ಕೂಡ ಇಂಥದೇ ತತ್ವದ ಮೇಲೆ ನಿಂತಿದೆ: ಕರೆ ಜೋಡಿಸುವ ಮೊದಲು ಆ ಸಂಖ್ಯೆ ಈಗ ಯಾವ ಕಂಪನಿಯಲ್ಲಿದೆ ಎಂದು ದತ್ತಾಂಶ ಸಂಗ್ರಹವನ್ನು ಕೇಳಿಯೇ ಮುಂದುವರಿಯಬೇಕು.

ಆದರೆ ಸೇವೆ ಸ್ವಿಚ್ಚಿನಿಂದ ಹೊರಬಂದರೂ ಕಂಪನಿಯಿಂದ ಹೊರಬರಲಿಲ್ಲ. ನಿಯಂತ್ರಣ ಕೇಂದ್ರಕ್ಕೆ ತಂತ್ರಾಂಶ ಬರೆಯಲು ಎಸ್‌ಎಸ್7 ಬಲ್ಲ ಬೆರಳೆಣಿಕೆಯ ಎಂಜಿನಿಯರುಗಳೇ ಬೇಕಾಗಿದ್ದರು.

ಸಂದೇಶ, ಮೆನು, ಹಾಡು: ಆರಂಭದ ವೇದಿಕೆಗಳು

ಮೊದಲ ಎಸ್ಸೆಮ್ಮೆಸ್ 1992ರ ಡಿಸೆಂಬರ್ 3ರಂದು ಬ್ರಿಟನ್ನಿನ ವೊಡಾಫೋನ್ ಜಾಲದಲ್ಲಿ ಹೋಯಿತು. ನೀಲ್ ಪ್ಯಾಪ್‌ವರ್ತ್ ಎಂಬ ಎಂಜಿನಿಯರ್ ಕಂಪ್ಯೂಟರಿನಿಂದ ಕಳಿಸಿದ ಕ್ರಿಸ್‌ಮಸ್ ಶುಭಾಶಯ ಅದು. ಜಾಲದ ಸಂಕೇತ ವಾಹಿನಿಯಲ್ಲಿ ಮಿಕ್ಕಿದ್ದ ಜಾಗವನ್ನೇ ಬಳಸಿಕೊಂಡ ಈ ಸರಳ ಸೇವೆ, ಮುಂದೆ ಬ್ಯಾಂಕಿನ ಓಟಿಪಿಯಿಂದ ಹಿಡಿದು ಪರೀಕ್ಷಾ ಫಲಿತಾಂಶದವರೆಗೆ ನೂರಾರು ಸೇವೆಗಳಿಗೆ ತಳಹದಿಯಾಯಿತು.

ವೇದಿಕೆಯ ಮೂಲ ವಿನ್ಯಾಸ ಭಾಷೆಯೊಂದರ ಬಳಕೆಯನ್ನು ಹೇಗೆ ಕಟ್ಟಿಹಾಕಬಲ್ಲದು ಎಂಬುದಕ್ಕೂ ಎಸ್ಸೆಮ್ಮೆಸ್ಸೇ ಉದಾಹರಣೆ. ಒಂದು ಸಂದೇಶಕ್ಕೆ ಸಿಗುವ ಜಾಗ 140 ಬೈಟುಗಳು. ಅಕ್ಷರವೊಂದಕ್ಕೆ ಏಳು ಬಿಟ್ ಸಾಕಾಗುವ ಇಂಗ್ಲಿಷಿನಲ್ಲಿ ಅದರೊಳಗೆ 160 ಅಕ್ಷರ ಹಿಡಿಯುತ್ತವೆ. ಕನ್ನಡಕ್ಕೆ ಯುನಿಕೋಡ್ ರೂಪ ಬಳಸಿದಾಗ ಒಂದೊಂದು ಸಂಕೇತಕ್ಕೂ ಎರಡು ಬೈಟು ಬೇಕಾಗುವುದರಿಂದ ಮಿತಿ 70ಕ್ಕೆ ಇಳಿಯುತ್ತದೆ. ಅದರಲ್ಲೂ ಒತ್ತಕ್ಷರ, ಗುಣಿತದ ಚಿಹ್ನೆಗಳು ಪ್ರತ್ಯೇಕವಾಗಿ ಲೆಕ್ಕಕ್ಕೆ ಬರುತ್ತವೆ: ‘ಕ್ಷೇತ್ರ’ ಎಂಬ ಎರಡಕ್ಷರದ ಮಾತಿಗೆ ಏಳು ಸಂಕೇತಗಳು ಬೇಕು. ಈ ತೊಡಕನ್ನು ನೀಗಲು, ಮೊಬೈಲ್ ಮಾನಕಗಳನ್ನು ಬರೆಯುವ 3ಜಿಪಿಪಿ ಸಂಸ್ಥೆಯ ಮಾನಕದಲ್ಲಿ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಿಗೆ ಏಳು ಬಿಟ್ಟಿನ ಅಕ್ಷರ ಕೋಷ್ಟಕಗಳನ್ನು ಸೇರಿಸಲಾಯಿತು. ಅವನ್ನು ಬಳಸಿದರೆ ಒಂದೇ ಸಂದೇಶದಲ್ಲಿ 150ಕ್ಕೂ ಹೆಚ್ಚು ಸಂಕೇತಗಳು ಹಿಡಿಯುತ್ತವೆ. ಕಳಿಸುವ ಫೋನು, ಪಡೆಯುವ ಫೋನು ಎರಡೂ ಕೋಷ್ಟಕವನ್ನು ಅರಿತಿರಬೇಕಾದ್ದರಿಂದ ಈ ಪರಿಹಾರ ಬಳಕೆಯಲ್ಲಿ ಬೇರೂರಲಿಲ್ಲ. ಮಾನಕ ಬರೆಯುವ ಮೊದಲ ದಿನವೇ ಎಲ್ಲ ಭಾಷೆಗಳ ಅಗತ್ಯ ಮೇಜಿನ ಮೇಲಿರಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗದು.

ಯುಎಸ್‌ಎಸ್‌ಡಿ ಎಂಬುದು ಇದೇ ಪೀಳಿಗೆಯ ಇನ್ನೊಂದು ಏರ್ಪಾಟು. ಇಂಟರ್‌ನೆಟ್ ಇಲ್ಲದ ಫೋನಿನಲ್ಲೂ ಸ್ಟಾರ್, ಹ್ಯಾಶ್ ಒತ್ತಿ ಮೆನುವಿನ ಮೂಲಕ ಮಾತುಕತೆ ನಡೆಸಲು ಅದು ಅವಕಾಶ ಕೊಡುತ್ತದೆ. ರಾಷ್ಟ್ರೀಯ ಪಾವತಿ ನಿಗಮದ ಸ್ಟಾರ್ 99 ಹ್ಯಾಶ್ ಬ್ಯಾಂಕಿಂಗ್ ಸೇವೆ 2014ರ ಆಗಸ್ಟ್ 28ರಂದು ಜಿಎಸ್‌ಎಂ ಮೊಬೈಲ್ ಕಂಪನಿಗಳ ಗ್ರಾಹಕರಿಗೆ ತೆರೆದುಕೊಂಡಿತು, ಕನ್ನಡದಲ್ಲೂ ಲಭ್ಯವಾಯಿತು. ಕೆನ್ಯಾದಲ್ಲಿ ಸಫಾರಿಕಾಮ್ ಕಂಪನಿ 2007ರ ಮಾರ್ಚ್‌ನಲ್ಲಿ ತಂದ ಎಂ-ಪೆಸಾ, ಸಿಮ್ ಕಾರ್ಡಿನೊಳಗಿನ ಮೆನು ಮತ್ತು ಎಸ್ಸೆಮ್ಮೆಸ್ಸನ್ನೇ ಬಳಸಿ ಬ್ಯಾಂಕ್ ಖಾತೆಯಿಲ್ಲದ ಜನರ ಕೈಗೆ ಹಣ ವರ್ಗಾವಣೆಯ ಸೌಲಭ್ಯ ಕೊಟ್ಟಿತು.

ಜಪಾನಿನ ಎನ್‌ಟಿಟಿ ಡೊಕೊಮೊ 1999ರ ಫೆಬ್ರವರಿಯಲ್ಲಿ ಆರಂಭಿಸಿದ ಐ-ಮೋಡ್ ಬೇರೊಂದು ಪಾಠ ಕಲಿಸಿತು. ವೆಬ್ ಪುಟ ಬರೆಯಬಲ್ಲ ಯಾರೂ ಅದಕ್ಕೆ ಪುಟ ಸಿದ್ಧಪಡಿಸಬಹುದಿತ್ತು, ಏಕೆಂದರೆ ಅದರ ಭಾಷೆ ಸಾಮಾನ್ಯ ಎಚ್‌ಟಿಎಂಎಲ್‌ನ ಚಿಕ್ಕ ರೂಪ. ಗ್ರಾಹಕರ ಫೋನ್ ಬಿಲ್ಲಿನಲ್ಲೇ ಹಣ ವಸೂಲು ಮಾಡಿ, ಶೇ 9ರಷ್ಟು ತಾನಿಟ್ಟುಕೊಂಡು, ಉಳಿದದ್ದನ್ನು ಕಂಪನಿ ಪುಟ ಸಿದ್ಧಪಡಿಸಿದವರಿಗೆ ಕೊಡುತ್ತಿತ್ತು. ಅದೇ ಕಾಲದಲ್ಲಿ ಯುರೋಪಿನಲ್ಲಿ ಬಂದ ವ್ಯಾಪ್ ಪದ್ಧತಿಗೆ ಬೇರೆಯದೇ ಪುಟಭಾಷೆ, ಬೇರೆಯದೇ ಗೇಟ್‌ವೇ ಬೇಕಾಗಿತ್ತು. ಐ-ಮೋಡ್ ಜಪಾನಿನಲ್ಲಿ ಕಂಡ ಜನಪ್ರಿಯತೆ ವ್ಯಾಪ್‌ಗೆ ಯುರೋಪಿನಲ್ಲಿ ಸಿಗಲಿಲ್ಲ.

ಭಾರತದಲ್ಲಿ ಈ ಘಟ್ಟದ ದೊಡ್ಡ ವ್ಯಾಪಾರವೆಂದರೆ ಕಾಲರ್ ಟ್ಯೂನ್. ಕರೆ ಮಾಡಿದವರಿಗೆ ಟ್ರಿಂಗ್ ಟ್ರಿಂಗ್ ಬದಲು ಹಾಡು ಕೇಳಿಸಲು ಸ್ವಿಚ್ಚು ಬೇರೊಂದು ಸರ್ವರಿನಿಂದ ಧ್ವನಿ ತರಿಸಿಕೊಳ್ಳುತ್ತದೆ. 2000ದಲ್ಲಿ ಇನ್ಫೋಸಿಸ್‌ನಿಂದ ಕವಲೊಡೆದ ಬೆಂಗಳೂರಿನ ಆನ್‌ಮೊಬೈಲ್ ಕಂಪನಿ ಇಂಥ ವೇದಿಕೆಗಳನ್ನು ಕಟ್ಟಿ ಭಾರತದ ಮೊಬೈಲ್ ಕಂಪನಿಗಳಿಗೂ ಹೊರದೇಶಗಳಿಗೂ ಒದಗಿಸಿತು. ಕೇಳದೆಯೇ ಸೇವೆ ಅಂಟಿಸಿ ಕರೆನ್ಸಿ ಕಡಿಯುತ್ತಾರೆಂಬ ದೂರುಗಳು ಹೆಚ್ಚಿದಾಗ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, ಇಂಥ ಮೌಲ್ಯವರ್ಧಿತ ಸೇವೆಗೆ ಗ್ರಾಹಕರಿಂದ ಎರಡು ಬಾರಿ ಒಪ್ಪಿಗೆ ಪಡೆಯಲೇಬೇಕೆಂದು 2013ರಲ್ಲಿ ಆದೇಶಿಸಿತು.

ತೆರೆದ ಬಾಗಿಲಿನ ಮೊದಲ ಯತ್ನಗಳು

ದೂರಸಂಪರ್ಕವನ್ನೂ ಕಂಪ್ಯೂಟರ್ ಲೋಕವನ್ನೂ ಒಂದುಗೂಡಿಸುವ ಮೊದಲ ದೊಡ್ಡ ಯತ್ನ ಟೀನಾ. 1993ರಿಂದ 2000ದವರೆಗೆ ಕೆಲಸ ಮಾಡಿದ ಈ ಅಂತರರಾಷ್ಟ್ರೀಯ ಕೂಟ, ಕೋರ್ಬಾ ಮಾದರಿಯ ವಿತರಿತ ಮಿಡಲ್‌ವೇರ್ ಮೇಲೆ ಇಡೀ ಜಾಲವನ್ನೇ ಹೊಸದಾಗಿ ರಚಿಸುವ ಕನಸು ಕಂಡಿತು. ವಿನ್ಯಾಸ ಮನೋಹರವಾಗಿತ್ತು. ಆದರೆ ಆಗಲೇ ಹಾಕಿದ್ದ ಸ್ವಿಚ್ಚುಗಳನ್ನೆಲ್ಲ ಕಿತ್ತೊಗೆಯಲು ಯಾವ ಕಂಪನಿಯೂ ಸಿದ್ಧವಿರಲಿಲ್ಲ. ಟೀನಾ ಬಳಕೆಗೆ ಬರಲಿಲ್ಲ, ಅದರ ವಿಚಾರಗಳು ಮಾತ್ರ ಮುಂದಿನವರಿಗೆ ದಾರಿ ತೋರಿದವು.

1998ರಲ್ಲಿ ಬಿಟಿ, ಮೈಕ್ರೋಸಾಫ್ಟ್, ನಾರ್ಟೆಲ್, ಸೀಮೆನ್ಸ್ ಮೊದಲಾದವು ಸೇರಿ ಕಟ್ಟಿದ ಪಾರ್ಲೆ ಗುಂಪು ಗುರಿಯನ್ನು ಕಿರಿದುಗೊಳಿಸಿತು. ಜಾಲ ಇದ್ದಂತೆಯೇ ಇರಲಿ, ಅದರ ಮೇಲೆ ಒಂದು ಗೇಟ್‌ವೇ ಇಟ್ಟು ಕರೆ ನಿಯಂತ್ರಣ, ಸ್ಥಳ, ಸಂದೇಶ, ಹಣ ವಸೂಲಿಗೆ ತೆರೆದ ಎಪಿಐ ಕೊಡೋಣ ಎಂಬುದು ಅದರ ನಿಲುವು. 3ಜಿಪಿಪಿ ಸಂಸ್ಥೆ ಇದನ್ನು ಓಎಸ್‌ಎ ಎಂಬ ಹೆಸರಿನಲ್ಲಿ 3ಜಿ ಮಾನಕಕ್ಕೆ ಸೇರಿಸಿಕೊಂಡಿತು. ಮೊದಲ ಪಾರ್ಲೆ ಎಪಿಐಗಳು ಸಾಮಾನ್ಯ ವೆಬ್ ತಂತ್ರಜ್ಞರಿಗೆ ಇನ್ನೂ ಗಡುಸಾಗಿದ್ದ ಕಾರಣ, 2003ರಲ್ಲಿ ವೆಬ್ ಸೇವೆಗಳ ರೂಪದ ಪಾರ್ಲೆ ಎಕ್ಸ್ ಬಂತು. ಜಾವಾ ಲೋಕದಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಜೈನ್ ಯೋಜನೆ ಇದಕ್ಕೆ ಸಮಾನಾಂತರವಾಗಿ ನಡೆಯಿತು. ಅದರಿಂದ ಹುಟ್ಟಿದ ಜೈನ್ ಸ್ಲೀ ಎಂಬ ಚಾಲನಾ ಪರಿಸರ, ಸೆಕೆಂಡಿಗೆ ಸಾವಿರಾರು ಘಟನೆಗಳನ್ನು ವಿಳಂಬವಿಲ್ಲದೆ ನಿಭಾಯಿಸಲೆಂದೇ ರೂಪುಗೊಂಡದ್ದು. 2004ರಲ್ಲಿ ಮೊದಲ ಆವೃತ್ತಿಯೂ 2008ರಲ್ಲಿ ಸುಧಾರಿತ ಆವೃತ್ತಿಯೂ ಬಂದವು.

ಇವುಗಳಲ್ಲಿ ತಾಂತ್ರಿಕ ಕೊರತೆ ಹೆಚ್ಚಿರಲಿಲ್ಲ, ತೊಡಕಿದ್ದದ್ದು ವ್ಯಾಪಾರದ ಕ್ರಮದಲ್ಲಿ. ಪ್ರತಿ ಮೊಬೈಲ್ ಕಂಪನಿ ತನ್ನ ಗೇಟ್‌ವೇಯನ್ನು ತನ್ನದೇ ಷರತ್ತು, ತನ್ನದೇ ದರ, ತನ್ನದೇ ಒಪ್ಪಂದದ ಮೇಲೆ ತೆರೆಯಿತು. ಒಂದು ದೇಶದ ನಾಲ್ಕು ಕಂಪನಿಗಳ ಗ್ರಾಹಕರನ್ನು ಮುಟ್ಟಬೇಕಾದ ಪುಟ್ಟ ತಂತ್ರಾಂಶ ತಂಡ ನಾಲ್ಕು ಕಡೆ ಅರ್ಜಿ ಹಾಕಿ ಕಾಯಬೇಕಿತ್ತು.

ಐಎಂಎಸ್

3ಜಿಪಿಪಿಯ ಐದನೇ ಬಿಡುಗಡೆಯೊಂದಿಗೆ 2002ರಲ್ಲಿ ಐಎಂಎಸ್ ಎಂಬ ಉಪವ್ಯವಸ್ಥೆ ಬಂತು. ಧ್ವನಿ, ವಿಡಿಯೋ, ಸಂದೇಶ ಎಲ್ಲವನ್ನೂ ಇಂಟರ್‌ನೆಟ್ ಪ್ಯಾಕೆಟ್ಟುಗಳಾಗಿ ಸಾಗಿಸಿ, ನಿಯಂತ್ರಣಕ್ಕೆ ಅದೇ ವರ್ಷ ಹೊಸ ರೂಪ ಪಡೆದ ಸಿಪ್ ನಿಯಮಾವಳಿಯನ್ನು ಬಳಸುವುದು ಅದರ ಆಧಾರ. ಫೋನು ಮೊದಲು ಪ್ರವೇಶದ ನಿಯಂತ್ರಕವನ್ನು ಮುಟ್ಟುತ್ತದೆ. ಎರಡನೆಯ ನಿಯಂತ್ರಕ ಚಂದಾದಾರರ ಮುಖ್ಯ ದತ್ತಾಂಶ ಸಂಗ್ರಹವಾದ ಎಚ್‌ಎಸ್‌ಎಸ್ ಅನ್ನು ಕೇಳಿ, ಈ ಗ್ರಾಹಕರ ಹೊಣೆ ಹೊರಬೇಕಾದ ಮೂರನೆಯ ನಿಯಂತ್ರಕವನ್ನು ಗೊತ್ತುಮಾಡುತ್ತದೆ. ಮೂರನೆಯದು ಗ್ರಾಹಕರ ಹೆಸರಿನಲ್ಲಿರುವ ನಿಯಮಗಳನ್ನು ಒಂದೊಂದಾಗಿ ನೋಡುತ್ತಾ ಕರೆಯನ್ನು ಬೇಕಾದ ಸೇವಾ ಸರ್ವರುಗಳಿಗೆ ದಾಟಿಸುತ್ತದೆ: ಕರೆ ಬೇರೆ ಸಂಖ್ಯೆಗೆ ತಿರುಗಿಸುವುದು ಒಂದು ಸರ್ವರಿನದು, ಸಮ್ಮೇಳನ ಕರೆ ಇನ್ನೊಂದರದು. ಹೊಸ ಸೇವೆ ಬೇಕಾದರೆ ಹೊಸ ಸರ್ವರೊಂದನ್ನು ಸೇರಿಸಿ, ನಿಯಮವೊಂದನ್ನು ಬರೆದರಾಯಿತು.

ಬರ್ಲಿನ್ನಿನ ಫ್ರೌನ್‌ಹೋಫರ್ ಫೋಕಸ್ ಸಂಸ್ಥೆ 2006ರಲ್ಲಿ ಓಪನ್ ಐಎಂಎಸ್ ಕೋರ್ ಎಂಬ ಮುಕ್ತ ತಂತ್ರಾಂಶವನ್ನು ಹೊರತಂದದ್ದರಿಂದ ವಿಶ್ವವಿದ್ಯಾಲಯಗಳಿಗೂ ಇದರ ಒಳಹೊರಗು ಪ್ರಯೋಗಕ್ಕೆ ದೊರೆಯಿತು. ಆದರೂ ಐಎಂಎಸ್ ಸಾಮಾನ್ಯ ಜನರ ಬಳಿ ಬರಲು ದಶಕವೇ ಹಿಡಿಯಿತು. ಅದನ್ನು ಕಡ್ಡಾಯವಾಗಿಸಿದ್ದು 4ಜಿ: ಆ ಜಾಲದಲ್ಲಿ ಹಳೆಯ ಕಾಲದ ಧ್ವನಿ ಸ್ವಿಚ್ಚೇ ಇಲ್ಲ. ವೋಲ್ಟೆ ಎಂದು ಹೆಸರಾದ 4ಜಿ ಧ್ವನಿಸೇವೆಗೆ ಐಎಂಎಸ್ಸೇ ಬೆನ್ನೆಲುಬು. 2016ರ ಸೆಪ್ಟೆಂಬರ್ 5ರಂದು ಸೇವೆ ಆರಂಭಿಸಿದ ರಿಲಯನ್ಸ್ ಜಿಯೋ 2ಜಿ, 3ಜಿ ಜಾಲಗಳೇ ಇಲ್ಲದೆ ಎಲ್ಲ ಕರೆಗಳನ್ನೂ ಈ ಹಾದಿಯಲ್ಲೇ ನಡೆಸಿತು.

ಆ್ಯಪ್ ಅಂಗಡಿಗಳು ಬಂದ ಮೇಲೆ

2008ರ ಜುಲೈನಲ್ಲಿ ಆ್ಯಪಲ್‌ನ ಆ್ಯಪ್ ಸ್ಟೋರ್, ಅದೇ ವರ್ಷ ಗೂಗಲ್‌ನ ಆಂಡ್ರಾಯ್ಡ್ ಮಾರ್ಕೆಟ್ ತೆರೆದವು. ಸೇವೆ ಕಟ್ಟುವವರಿಗೆ ಇನ್ನು ಮೊಬೈಲ್ ಕಂಪನಿಯ ಅನುಮತಿ ಬೇಕಾಗಲಿಲ್ಲ. ಫೋನಿನ ಕಾರ್ಯಾಚರಣ ವ್ಯವಸ್ಥೆಯೇ ವೇದಿಕೆಯಾಯಿತು, ಜಾಲ ಬರೀ ಡೇಟಾ ಸಾಗಿಸುವ ಕೊಳವೆಯಾಯಿತು. 2009ರಲ್ಲಿ ಹುಟ್ಟಿದ ವಾಟ್ಸ್ಆ್ಯಪ್ ಎಸ್ಸೆಮ್ಮೆಸ್ ಆದಾಯವನ್ನು ನುಂಗಿತು. 2008ರಲ್ಲೇ ಆರಂಭವಾದ ಟ್ವಿಲಿಯೋ ಕಂಪನಿ, ಕರೆ ಮತ್ತು ಸಂದೇಶವನ್ನು ಕೆಲವೇ ಸಾಲುಗಳ ಪ್ರೋಗ್ರಾಂನಿಂದ ನಡೆಸುವ ಸರಳ ಎಪಿಐಯನ್ನು ಯಾರು ಬೇಕಾದರೂ ಹಣ ಕೊಟ್ಟು ಬಳಸುವಂತೆ ಮಾಡಿತು. ಪಾರ್ಲೆ ಗುಂಪು ಕಟ್ಟಬಯಸಿದ್ದ ಮಾರುಕಟ್ಟೆ ಹೀಗೆ ಹೊರಗಿನವರ ಪಾಲಾಯಿತು.

ಮೊಬೈಲ್ ಕಂಪನಿಗಳು ಮರುಯತ್ನ ಮಾಡದೆ ಇರಲಿಲ್ಲ. 2010ರ ಫೆಬ್ರವರಿಯಲ್ಲಿ ಘೋಷಣೆಯಾದ ವ್ಯಾಕ್ ಎಂಬ ಕೂಟ ಎಲ್ಲರಿಗೂ ಒಂದೇ ಆ್ಯಪ್ ಸಗಟು ಮಾರುಕಟ್ಟೆ ಕಟ್ಟಲು ಹೊರಟು, 2012ರಲ್ಲಿ ಮುಚ್ಚಿತು. ಎಸ್ಸೆಮ್ಮೆಸ್ಸಿನ ಉತ್ತರಾಧಿಕಾರಿಯೆಂದು ಬಂದ ಆರ್‌ಸಿಎಸ್ ಕೂಡ ಹಲವು ವರ್ಷ ಕುಂಟಿತು. 2015ರಲ್ಲಿ ಗೂಗಲ್ ಜೈಬ್ ಕಂಪನಿಯನ್ನು ಕೊಂಡು ಅದಕ್ಕೆ ಬಲ ತುಂಬಿತು, 2024ರಲ್ಲಿ ಆ್ಯಪಲ್ ತನ್ನ ಐಫೋನುಗಳಲ್ಲಿ ಅದನ್ನು ಅಳವಡಿಸಿತು. ಸೇವೆ ಗೆದ್ದದ್ದು ನಿಜ, ಆದರೆ ಅದರ ಕೀಲಿಕೈ ಬಹುಪಾಲು ಫೋನ್ ತಂತ್ರಾಂಶದ ಒಡೆಯರ ಬಳಿಯೇ ಉಳಿಯಿತು.

5ಜಿಯ ಸೇವಾಧಾರಿತ ರಚನೆ

2012ರ ಅಕ್ಟೋಬರ್‌ನಲ್ಲಿ ಹದಿಮೂರು ದೂರಸಂಪರ್ಕ ಕಂಪನಿಗಳು ಸೇರಿ ಒಂದು ಶ್ವೇತಪತ್ರ ಹೊರಡಿಸಿದವು. ಜಾಲದ ಪ್ರತಿಯೊಂದು ಕೆಲಸಕ್ಕೂ ಬೇರೆ ಬೇರೆ ಪೆಟ್ಟಿಗೆ ಕೊಳ್ಳುವುದನ್ನು ಬಿಟ್ಟು, ಆ ಕೆಲಸಗಳನ್ನು ಸಾಮಾನ್ಯ ಸರ್ವರುಗಳ ಮೇಲೆ ತಂತ್ರಾಂಶವಾಗಿ ನಡೆಸೋಣ ಎಂಬುದು ಅದರ ಸಾರ. ಯುರೋಪಿನ ಮಾನಕ ಸಂಸ್ಥೆ ಎಟ್ಸಿ ಇದನ್ನು ಎನ್‌ಎಫ್‌ವಿ ಎಂಬ ಹೆಸರಿನಲ್ಲಿ ಬೆಳೆಸಿತು. 2014ರಲ್ಲಿ ಗೂಗಲ್ ಮುಕ್ತಗೊಳಿಸಿದ ಕುಬರ್‌ನೆಟೀಸ್ ಮುಂತಾದ ಕ್ಲೌಡ್ ಸಾಧನಗಳು ನಂತರ ಅದಕ್ಕೆ ಜೊತೆಗೂಡಿದವು. ಜಪಾನಿನ ರಾಕುಟೆನ್ ಮೊಬೈಲ್ 2020ರ ಏಪ್ರಿಲ್‌ನಲ್ಲಿ ಇಡೀ ಜಾಲವನ್ನೇ ಈ ಬಗೆಯಲ್ಲಿ ಕಟ್ಟಿ ಸೇವೆ ತೆರೆಯಿತು.

ಈ ಬದಲಾವಣೆ 5ಜಿ ಮಾನಕದ ಒಡಲಿಗೇ ಇಳಿಯಿತು. 2018ರಲ್ಲಿ ಸಿದ್ಧವಾದ 3ಜಿಪಿಪಿಯ ಹದಿನೈದನೇ ಬಿಡುಗಡೆಯಲ್ಲಿ ಜಾಲದ ಕೇಂದ್ರಭಾಗ ಸೇವೆಗಳ ಸಮೂಹವಾಗಿದೆ. ಚಲನೆಯನ್ನು ನೋಡಿಕೊಳ್ಳುವ ಎಎಂಎಫ್, ಡೇಟಾ ಸಂಪರ್ಕದ ಎಸ್‌ಎಂಎಫ್, ದೃಢೀಕರಣದ ಎಯುಎಸ್‌ಎಫ್, ಚಂದಾದಾರರ ದತ್ತಾಂಶದ ಯುಡಿಎಂ, ನೀತಿನಿಯಮದ ಪಿಸಿಎಫ್ ಮುಂತಾದವು ವೆಬ್ ಲೋಕದ ಎಚ್‌ಟಿಟಿಪಿ ನಿಯಮಾವಳಿಯಲ್ಲೇ, ಜೆಸನ್ ರೂಪದ ಸಂದೇಶಗಳಲ್ಲೇ ಮಾತಾಡಿಕೊಳ್ಳುತ್ತವೆ. ಎಸ್‌ಎಸ್7 ಬಲ್ಲ ಬೆರಳೆಣಿಕೆಯ ಜನರ ಜಾಗದಲ್ಲಿ ಈಗ ಯಾವುದೇ ವೆಬ್ ಎಂಜಿನಿಯರ್ ಓದಬಲ್ಲ ಭಾಷೆ ಬಂದಿದೆ.

ಇಲ್ಲಿ ಮಿಡಲ್‌ವೇರ್‌ನ ಕೇಂದ್ರಬಿಂದು ಎನ್‌ಆರ್‌ಎಫ್ ಎಂಬ ನೋಂದಣಿ ಕಾರ್ಯ. ಪ್ರತಿಯೊಂದು ತಂತ್ರಾಂಶವೂ ಚಾಲನೆಗೊಂಡೊಡನೆ ತನ್ನ ವಿಳಾಸವನ್ನೂ ತಾನು ಕೊಡುವ ಸೇವೆಗಳನ್ನೂ ಇಲ್ಲಿ ದಾಖಲಿಸುತ್ತದೆ. ನಂತರ ನಿಯತವಾಗಿ ತಾನು ಜೀವಂತವಿದ್ದೇನೆ ಎಂದು ತಿಳಿಸುತ್ತಿರುತ್ತದೆ. ಗ್ರಾಹಕರೊಬ್ಬರು ಫೋನು ಆನ್ ಮಾಡಿದರೆನ್ನಿ. ಎಎಂಎಫ್‌ಗೆ ದೃಢೀಕರಣ ಬೇಕು. ಅದು ಎನ್‌ಆರ್‌ಎಫ್ ಅನ್ನು ಕೇಳಿ ಸೂಕ್ತ ಎಯುಎಸ್‌ಎಫ್‌ನ ವಿಳಾಸ ಪಡೆಯುತ್ತದೆ. ಎಯುಎಸ್‌ಎಫ್ ಯುಡಿಎಂನಿಂದ ಸಿಮ್ಮಿನ ಗುಟ್ಟಿನ ಕೀಲಿಯಿಂದ ತೆಗೆದ ಸವಾಲನ್ನು ಪಡೆದು ಫೋನಿಗೆ ಕಳಿಸುತ್ತದೆ. ಉತ್ತರ ತಾಳೆಯಾದರೆ ನೋಂದಣಿ ಮುಗಿಯುತ್ತದೆ. ಬಳಿಕ ಡೇಟಾ ಬೇಕೆಂದಾಗ ಎಸ್‌ಎಂಎಫ್‌ನ ಸರದಿ. ಒಂದರ ಸೇವೆಯನ್ನು ಇನ್ನೊಂದು ಕೇಳುವಾಗ ಎನ್‌ಆರ್‌ಎಫ್ ಕೊಟ್ಟ ಅನುಮತಿ ಚೀಟಿಯನ್ನು ತೋರಿಸುವ ಏರ್ಪಾಟೂ ಮಾನಕದಲ್ಲಿದೆ. ಯಾವುದಾದರೂ ಒಂದು ಸರ್ವರು ಕೆಟ್ಟರೆ ಅದರ ದಾಖಲೆ ಪಟ್ಟಿಯಿಂದ ಹೊರಬೀಳುತ್ತದೆ, ಕೆಲಸ ಇನ್ನೊಂದಕ್ಕೆ ಹೋಗುತ್ತದೆ.

ಜಾಲ ತೆರೆದುಕೊಳ್ಳುವ ಬಗೆ

ಹೊರಗಿನ ಲೋಕಕ್ಕೆ ಬಾಗಿಲಾಗಿ 5ಜಿಯಲ್ಲಿ ಎನ್‌ಇಎಫ್ ಎಂಬ ಕಾರ್ಯವಿದೆ. ಒಳಗಿನ ಗುಟ್ಟಿನ ಗುರುತುಗಳನ್ನು ಮರೆಮಾಡಿ, ಅನುಮತಿಯಿದ್ದಷ್ಟನ್ನೇ ಅದು ಹೊರಗೆ ಕೊಡುತ್ತದೆ. ಎಲ್ಲ ಎಪಿಐಗಳಿಗೂ ಒಂದೇ ಬಗೆಯ ನೋಂದಣಿ, ಒಂದೇ ಬಗೆಯ ಅನುಮತಿ ಇರಲೆಂದು ಕ್ಯಾಪಿಫ್ ಎಂಬ ಚೌಕಟ್ಟೂ ಬಂದಿದೆ.

ಹಿಂದಿನ ಸೋಲಿನಿಂದ ಪಾಠ ಕಲಿತ ಕಂಪನಿಗಳು ಈ ಬಾರಿ ಮುಂಚಿತವಾಗಿಯೇ ಒಟ್ಟಾಗಿವೆ. ಲಿನಕ್ಸ್ ಫೌಂಡೇಶನ್ ಮತ್ತು ಮೊಬೈಲ್ ಕಂಪನಿಗಳ ಸಂಘವಾದ ಜಿಎಸ್‌ಎಂಎ ಜೊತೆಗೂಡಿ ನಡೆಸುವ ಕಮಾರಾ ಎಂಬ ಮುಕ್ತ ಯೋಜನೆ 2022ರಲ್ಲಿ ಆರಂಭವಾಯಿತು. 2023ರ ಫೆಬ್ರವರಿಯಲ್ಲಿ 21 ಕಂಪನಿಗಳು ಎಂಟು ಸಾಮಾನ್ಯ ಎಪಿಐಗಳೊಂದಿಗೆ ಓಪನ್ ಗೇಟ್‌ವೇ ಒಪ್ಪಂದಕ್ಕೆ ಸಹಿ ಹಾಕಿದವು. ಭಾರ್ತಿ ಏರ್‌ಟೆಲ್ ಅವುಗಳಲ್ಲೊಂದು.

ಇವುಗಳಲ್ಲಿ ಸಿಮ್ ಬದಲಾವಣೆಯ ಎಪಿಐ ಜನಸಾಮಾನ್ಯರಿಗೆ ನೇರವಾಗಿ ಮುಟ್ಟುವಂಥದು. ವಂಚಕ ಬೇರೊಬ್ಬರ ಹೆಸರಿನಲ್ಲಿ ಸಿಮ್ ಕಳೆದುಹೋಯಿತೆಂದು ಹೇಳಿ ನಕಲಿ ಸಿಮ್ ಪಡೆದರೆ, ಬ್ಯಾಂಕಿನ ಓಟಿಪಿಗಳೆಲ್ಲ ಅವನ ಕೈಗೆ ಬೀಳುತ್ತವೆ. ಖಾತೆದಾರರ ಫೋನು ಸಿಗ್ನಲ್ ಕಳೆದುಕೊಂಡು ಸುಮ್ಮನಾಗುತ್ತದೆ, ಅವರು ಟವರಿನ ತೊಂದರೆಯಿರಬೇಕೆಂದು ಕಾಯುತ್ತಿರುತ್ತಾರೆ. ಈ ಎಪಿಐ ಇದ್ದರೆ, ದೊಡ್ಡ ಮೊತ್ತದ ವರ್ಗಾವಣೆಗೆ ಮುನ್ನ ಬ್ಯಾಂಕಿನ ತಂತ್ರಾಂಶ ಜಾಲವನ್ನು ಒಂದೇ ಪ್ರಶ್ನೆ ಕೇಳುತ್ತದೆ: ಈ ಸಂಖ್ಯೆಯ ಸಿಮ್ ಕಳೆದ ಇಷ್ಟು ಗಂಟೆಗಳಲ್ಲಿ ಬದಲಾಗಿದೆಯೇ? ಉತ್ತರ ಹೌದು ಅಥವಾ ಇಲ್ಲ ಅಷ್ಟೇ. ಹೆಸರು, ವಿಳಾಸ, ಸ್ಥಳ ಯಾವುದೂ ಹೊರಹೋಗುವುದಿಲ್ಲ. ಹೌದೆಂದರೆ ಬ್ಯಾಂಕು ವ್ಯವಹಾರವನ್ನು ತಡೆದು ಬೇರೆ ರೀತಿಯಲ್ಲಿ ವಿಚಾರಿಸಬಹುದು. ಕಡಿಮೆ ಹೇಳಿ ಹೆಚ್ಚು ಕಾಪಾಡುವ ಈ ಪುಟ್ಟ ಎಪಿಐ ಒಳ್ಳೆಯ ವೇದಿಕೆಯ ಲಕ್ಷಣಗಳನ್ನೆಲ್ಲ ಒಳಗೊಂಡಿದೆ.

ಅಂಚಿನ ಕಂಪ್ಯೂಟಿಂಗ್

ಫೈಬರಿನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಸಾಗುತ್ತದೆ. 1,000 ಕಿ.ಮೀ. ದೂರದ ದತ್ತಾಂಶ ಕೇಂದ್ರಕ್ಕೆ ಹೋಗಿ ಬರಲು ಬೇರೆ ಯಾವ ವಿಳಂಬವೂ ಇಲ್ಲದಿದ್ದರೂ 10 ಮಿಲಿಸೆಕೆಂಡು ಬೇಕೇ ಬೇಕು. ಕಾರ್ಖಾನೆಯ ರೋಬೋ, ದೂರದಿಂದ ನಡೆಸುವ ಯಂತ್ರಗಳಿಗೆ ಇದೂ ಹೆಚ್ಚಾಗಬಹುದು. ಆದ್ದರಿಂದ ಲೆಕ್ಕಾಚಾರವನ್ನೇ ಟವರಿನ ಹತ್ತಿರಕ್ಕೆ ತರಲು ಎಟ್ಸಿ ಸಂಸ್ಥೆ 2014ರಲ್ಲಿ ಎಂಇಸಿ ಎಂಬ ಮಾನಕ ಗುಂಪನ್ನು ಆರಂಭಿಸಿತು. ಬಳಕೆದಾರರು ಚಲಿಸಿದಂತೆ ಅವರ ಸೇವೆಯನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ಕಡಿಯದೆ ದಾಟಿಸುವುದೇ ಇಲ್ಲಿ ಮಿಡಲ್‌ವೇರ್‌ನ ಕಠಿಣ ಕೆಲಸ. 3ಜಿಪಿಪಿಯ ಹದಿನೇಳನೇ ಬಿಡುಗಡೆ ಇದಕ್ಕೆ ಪ್ರತ್ಯೇಕ ರಚನೆ ಕೊಟ್ಟಿದೆ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ 5ಜಿ ಸೇವೆ 2022ರ ಅಕ್ಟೋಬರ್ 1ರಂದು ಆರಂಭವಾಯಿತು; ಏರ್‌ಟೆಲ್‌ನ ಮೊದಲ ಎಂಟು ನಗರಗಳಲ್ಲಿ ಬೆಂಗಳೂರೂ ಇತ್ತು. ಏರ್‌ಟೆಲ್ ಆರಂಭದಲ್ಲಿ 4ಜಿ ಕೇಂದ್ರಭಾಗದ ಮೇಲೆಯೇ 5ಜಿ ರೇಡಿಯೋ ನಡೆಸುವ ಹಾದಿ ಹಿಡಿದರೆ, ಜಿಯೋ ಸ್ವತಂತ್ರ 5ಜಿ ಕೇಂದ್ರಭಾಗವನ್ನು ಆರಿಸಿಕೊಂಡಿತು. ಮೇಲೆ ಹೇಳಿದ ಸೇವಾಧಾರಿತ ರಚನೆಯ ಪೂರ್ಣ ಲಾಭ ಸಿಗುವುದು ಎರಡನೆಯ ಬಗೆಯಲ್ಲಿ ಮಾತ್ರ.

ಜಾಲದ ಒಳತಂತ್ರಾಂಶವನ್ನು ದೇಶದಲ್ಲೇ ಕಟ್ಟುವ ಕೆಲಸದಲ್ಲಿ 1984ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡಾಟ್ ಮುಂದಿದೆ. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲದಲ್ಲಿ ಕೇಂದ್ರಭಾಗ ಸಿ-ಡಾಟ್‌ನದು, ರೇಡಿಯೋ ಉಪಕರಣ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು, ಜೋಡಣೆ ಟಿಸಿಎಸ್‌ನದು. ಜಗತ್ತಿನ ಮಾನಕ ಬರೆಯುವ 3ಜಿಪಿಪಿಯ ಏಳು ಪಾಲುದಾರ ಸಂಸ್ಥೆಗಳಲ್ಲಿ ಭಾರತದ ಟಿಎಸ್‌ಡಿಎಸ್‌ಐ ಕೂಡ ಒಂದು.

ಸರ್ಕಾರಿ ಸೇವೆಗಳಿಗೆ ಮೊಬೈಲ್ ವೇದಿಕೆ ಬಳಸುವುದರಲ್ಲಿ ಕರ್ನಾಟಕ ಮುಂದಾಳತ್ವ ತೋರಿತು. 2014ರ ಡಿಸೆಂಬರ್‌ನಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಬೆಂಗಳೂರಿನಲ್ಲಿ ಉದ್ಘಾಟಿಸಿದ ಮೊಬೈಲ್ ಒನ್, ಬಿಲ್ ಪಾವತಿಯಂಥ ಸೇವೆಗಳನ್ನು ಆ್ಯಪ್ ಇಲ್ಲದ ಸಾದಾ ಫೋನಿನವರಿಗೂ ಸಂದೇಶ ಮತ್ತು ಧ್ವನಿ ಮೆನುವಿನ ಮೂಲಕ ತಲುಪಿಸುವ ಗುರಿ ಇಟ್ಟುಕೊಂಡಿತ್ತು. 2023ರ ಅಕ್ಟೋಬರ್‌ನಲ್ಲಿ ರಾಜ್ಯದ ಮೊಬೈಲುಗಳು ಜೋರಾಗಿ ಸದ್ದು ಮಾಡಿದ್ದು ಸಿ-ಡಾಟ್ ರೂಪಿಸಿದ ಸೆಲ್ ಬ್ರಾಡ್‌ಕಾಸ್ಟ್ ತುರ್ತು ಎಚ್ಚರಿಕೆ ವೇದಿಕೆಯ ಪರೀಕ್ಷೆ. ಆ ಪದ್ಧತಿಯಲ್ಲಿ ಯಾರ ನಂಬರೂ ಬೇಕಿಲ್ಲ. ಟವರಿನ ವ್ಯಾಪ್ತಿಯಲ್ಲಿರುವ ಎಲ್ಲ ಫೋನುಗಳಿಗೂ ಸಂದೇಶ ಏಕಕಾಲಕ್ಕೆ ಬಿತ್ತರವಾಗುತ್ತದೆ. ಹೀಗಾಗಿ ಪ್ರವಾಹದ ಸಮಯದಲ್ಲಿ ಜಾಲ ದಟ್ಟಣೆಯಿಂದ ಕಟ್ಟಿಕೊಂಡಿದ್ದರೂ ಎಚ್ಚರಿಕೆ ತಲುಪಬಲ್ಲದು.

ಸಮಸ್ಯೆಗಳು

ಸುರಕ್ಷತೆ ಮೊದಲನೆಯದು. ಎಸ್‌ಎಸ್7 ರೂಪುಗೊಂಡಾಗ ಜಾಲದೊಳಗಿರುವವರೆಲ್ಲ ನಂಬಿಗಸ್ತ ಕಂಪನಿಗಳೇ ಎಂಬ ಊಹೆಯಿತ್ತು. ಆ ಊಹೆ ಹುಸಿಯಾದ ಪರಿಣಾಮವಾಗಿ 2017ರಲ್ಲಿ ಜರ್ಮನಿಯಲ್ಲಿ ವಂಚಕರು ಗ್ರಾಹಕರ ಬ್ಯಾಂಕ್ ಸಂದೇಶಗಳನ್ನು ತಮ್ಮತ್ತ ತಿರುಗಿಸಿಕೊಂಡು ಹಣ ಕದ್ದದ್ದು ಬೆಳಕಿಗೆ ಬಂತು. 5ಜಿಯಲ್ಲಿ ಜಾಲದ ಗಡಿಯಲ್ಲೇ ಸಂದೇಶಗಳನ್ನು ಪರಿಶೀಲಿಸುವ ಸೆಪ್ ಎಂಬ ಕಾವಲು ಕಾರ್ಯವಿದೆ. ಆದರೆ ಹಳೆಯ ಜಾಲಗಳು ಚಾಲ್ತಿಯಲ್ಲಿರುವವರೆಗೆ ಅಪಾಯ ಪೂರ್ತಿ ತಪ್ಪಿದ್ದಲ್ಲ.

ಎರಡನೆಯದು ಒಂದರ ಮೇಲೊಂದು ನಿಂತ ವ್ಯವಸ್ಥೆಯ ಸರಣಿ ಕುಸಿತ. 2022ರ ಜುಲೈ 2ರಂದು ಜಪಾನಿನ ಕೆಡಿಡಿಐ ಜಾಲದಲ್ಲಿ ರೂಟರ್ ಬದಲಿಸುವ ನಿರ್ವಹಣಾ ಕೆಲಸದ ವೇಳೆ ಧ್ವನಿಸೇವೆ ಸ್ವಲ್ಪ ಹೊತ್ತು ಕಡಿಯಿತು. ಸಂಪರ್ಕ ಕಳೆದುಕೊಂಡ ಫೋನುಗಳೆಲ್ಲ ಒಮ್ಮೆಲೇ ಮರುನೋಂದಣಿಗೆ ಮುಗಿಬಿದ್ದವು, ವೋಲ್ಟೆ ನಿಯಂತ್ರಕಗಳೂ ಚಂದಾದಾರರ ದತ್ತಾಂಶ ಸಂಗ್ರಹವೂ ಹೊರೆ ತಾಳಲಿಲ್ಲ. ಕೆಲವೇ ನಿಮಿಷಗಳ ತೊಂದರೆ ಎರಡೂವರೆ ದಿನ ದಾಟಿತು. ಮಿಡಲ್‌ವೇರ್ ಕಟ್ಟುವವರು ಸಾಮಾನ್ಯ ದಿನದ ವೇಗಕ್ಕಿಂತ ಇಂಥ ದಿನದ ನೂಕುನುಗ್ಗಲನ್ನು ಎಣಿಸಿ ವಿನ್ಯಾಸ ಮಾಡಬೇಕೆಂಬುದು ಇದರ ಪಾಠ.

ಮೂರನೆಯದು ಸಮಾನತೆಯ ಪ್ರಶ್ನೆ. ಹಣ ಕೊಟ್ಟವರ ಡೇಟಾಗೆ ಹೆಚ್ಚಿನ ಗುಣಮಟ್ಟ ಕೊಡುವ ಎಪಿಐ ಶಸ್ತ್ರಚಿಕಿತ್ಸೆಗೆ, ಆಂಬ್ಯುಲೆನ್ಸಿಗೆ ವರವಾಗಬಹುದು. ಅದೇ ಎಪಿಐ ದೊಡ್ಡ ಕಂಪನಿಗಳಿಗೆ ವೇಗದ ದಾರಿಯನ್ನೂ ಸಣ್ಣವರಿಗೆ ಗುಂಡಿಬಿದ್ದ ದಾರಿಯನ್ನೂ ಕೊಡಬಹುದು. ಭಾರತದಲ್ಲಿ ಟ್ರಾಯ್ 2016ರ ಫೆಬ್ರವರಿಯಲ್ಲಿ ಡೇಟಾ ಸೇವೆಗಳ ತಾರತಮ್ಯದ ದರಗಳನ್ನು ನಿಷೇಧಿಸಿತು. ಎಲ್ಲ ಡೇಟಾವನ್ನೂ ಸಮಾನವಾಗಿ ಕಾಣಬೇಕೆಂಬ ನೆಟ್ ನ್ಯೂಟ್ರಾಲಿಟಿ ಚೌಕಟ್ಟನ್ನು ಕೇಂದ್ರ ಸರ್ಕಾರ 2018ರಲ್ಲಿ ಒಪ್ಪಿತು. ಹೊಸ ಎಪಿಐಗಳು ಈ ಚೌಕಟ್ಟಿನೊಳಗೇ ನಡೆಯಬೇಕು. ಸ್ಥಳ ಮಾಹಿತಿಯಂಥ ಸೇವೆಗಳಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುವ ಒಪ್ಪಿಗೆಯ ನಿಯಮಗಳನ್ನೂ ಗಮನದಲ್ಲಿಡಬೇಕು.

ಮುಂದಿನ ಪೀಳಿಗೆ

6ಜಿಗೆ ಬೇಕಾದ ಗುರಿಗಳನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಐಎಂಟಿ-2030 ಎಂಬ ಚೌಕಟ್ಟಿನಲ್ಲಿ 2023ರಲ್ಲಿ ಪ್ರಕಟಿಸಿತು. ಸಂವಹನದ ಜೊತೆಗೆ ಸುತ್ತಲಿನ ವಸ್ತುಗಳನ್ನು ರೇಡಿಯೋ ತರಂಗಗಳಿಂದ ಗ್ರಹಿಸುವ ಸಾಮರ್ಥ್ಯ, ಜಾಲದೊಳಗೇ ಕೃತಕ ಬುದ್ಧಿಮತ್ತೆ, ಸರ್ವವ್ಯಾಪಿ ಸಂಪರ್ಕ ಇವು ಅದರಲ್ಲಿ ಸೇರಿವೆ. ಅದೇ ವರ್ಷದ ಮಾರ್ಚ್‌ನಲ್ಲಿ ಭಾರತ ಸರ್ಕಾರವೂ ಭಾರತ್ 6ಜಿ ಮುನ್ನೋಟದ ದಾಖಲೆಯನ್ನು ಹೊರತಂದಿತು. ಗ್ರಹಿಕೆಯ ಸಾಮರ್ಥ್ಯ ಬಂದರೆ ಫೋನೇ ಇಲ್ಲದವರ ಓಡಾಟವೂ ಜಾಲಕ್ಕೆ ತಿಳಿಯಬಹುದು. ಆ ಮಾಹಿತಿಯನ್ನು ಯಾವ ಎಪಿಐ ಯಾರಿಗೆ ಕೊಡಬೇಕು, ಯಾರ ಒಪ್ಪಿಗೆ ಪಡೆಯಬೇಕು ಎಂಬುದು ಇಂದಿನ ಯಾವ ಸೇವೆಗಿಂತಲೂ ಸೂಕ್ಷ್ಮವಾದ ಪ್ರಶ್ನೆ.

ಹಿಂದಿನ ಪ್ರತಿ ಪೀಳಿಗೆಯಲ್ಲೂ ರೇಡಿಯೋ ವೇಗವನ್ನು ಮೊದಲು ನಿಗದಿ ಮಾಡಿ, ವೇದಿಕೆಯ ವಿಚಾರವನ್ನು ಆಮೇಲೆ ನೋಡಿಕೊಳ್ಳುವ ರೂಢಿಯಿತ್ತು. ಎಸ್ಸೆಮ್ಮೆಸ್ಸಿನಲ್ಲಿ ಕನ್ನಡಕ್ಕೆ ಜಾಗ ಸಿಗದೆ ಹೋದದ್ದು, ಎಸ್‌ಎಸ್7ಗೆ ಕಾವಲು ಇಲ್ಲದೆ ಹೋದದ್ದು, ಪಾರ್ಲೆ ಕಂಪನಿಗಳ ಒಳಗೇ ಸಿಕ್ಕಿಕೊಂಡದ್ದು ಈ ರೂಢಿಯ ಫಲ. 6ಜಿಯ ಮಾನಕಗಳು ಇನ್ನೂ ರೂಪುಗೊಳ್ಳುತ್ತಿರುವ ಈ ಹೊತ್ತಿನಲ್ಲಿ ಮುಕ್ತತೆ, ಕಾವಲು, ಒಪ್ಪಿಗೆ, ಭಾಷೆ ಎಂಬ ನಾಲ್ಕನ್ನೂ ವೇದಿಕೆಯ ವಿನ್ಯಾಸದೊಳಗೇ ಬರೆಯಲು ಅವಕಾಶವಿದೆ. ಮಾನಕ ಮುಗಿದು ಕೋಟ್ಯಂತರ ಫೋನುಗಳು ಮಾರಾಟವಾದ ಮೇಲೆ ತಿದ್ದುವುದು ಎಷ್ಟು ಕಷ್ಟ ಎಂಬುದನ್ನು ಕನ್ನಡದ ಅಕ್ಷರ ಕೋಷ್ಟಕವೇ ತೋರಿಸಿಕೊಟ್ಟಿದೆ. ಆದ್ದರಿಂದ ಟಿಎಸ್‌ಡಿಎಸ್‌ಐಯಂಥ ಸಂಸ್ಥೆಗಳ ಮೂಲಕ ಮಾನಕ ಸಭೆಗಳಲ್ಲಿ ಈಗಲೇ ಕುಳಿತು ಮಾತಾಡುವ ಎಂಜಿನಿಯರುಗಳ ಕೆಲಸ, ಮುಂದೆ ಜಾಲ ಹಾಕುವ ಕಂಪನಿಗಳ ಹೂಡಿಕೆಯಷ್ಟೇ ಮಹತ್ವದ್ದು.